ಗಂಟು ಊದಿತೆಂದು ಮಾತ್ರೆ ನಿಲ್ಲಿಸಬೇಕೆ?

ಪ್ರಶ್ನೆ: ನಮ್ಮದು ತೀರ್ಥಹಳ್ಳಿಯಿಂದ ಆಗುಂಬೆ ಕಡೆಗೆ ಒಳಗಿರುವ ಊರು. ಬೆಂಗಳೂರಿನಲ್ಲಿ ಹೋಟೆಲ್ ಕೆಲಸಕ್ಕಿದ್ದ ತಮ್ಮ (36 ವರ್ಷ) ಎರಡು ತಿಂಗಳ ಹಿಂದೆ ಕೆಮ್ಮು, ಜ್ವರ ಅಂತ ಊರಿಗೆ ಬಂದ. ಶಿವಮೊಗ್ಗದಲ್ಲಿ ಪರೀಕ್ಷೆ ಮಾಡಿ, ಶ್ವಾಸಕೋಶದ ಟಿಬಿಯೂ ಇದೆ, ಎಚ್‌ಐವಿಯೂ ಇದೆ ಎಂದರು. ಸಿಡಿ4 82, ತೂಕ 44 ಕೆ.ಜಿ. ಟಿಬಿ ಮಾತ್ರೆ ಶುರುವಾಗಿ ಆರು ವಾರ, ಎಚ್‌ಐವಿಯ ಎಆರ್‌ಟಿ ಮಾತ್ರೆ ಶುರುವಾಗಿ ಮೂರು ವಾರ. ನಡುವೆ ಚೆನ್ನಾಗಿ ಚೇತರಿಸಿಕೊಂಡಿದ್ದವನಿಗೆ ಈಗ ಒಂದು ವಾರದಿಂದ ಮತ್ತೆ ಸಂಜೆ ಜ್ವರ, ಕುತ್ತಿಗೆಯಲ್ಲಿ ಗಂಟು. ‘ಈ ಮಾತ್ರೆ ಅವನಿಗೆ ಆಗಿಬರ್ತಾ ಇಲ್ಲ, ಬಿಡ್ಸು, ನಾಟಿ ಔಷಧಿ ಕೊಡ್ಸು’ ಅಂತ ಅಮ್ಮ ಹಟ ಹಿಡಿದಿದ್ದಾರೆ. ಏನು ಮಾಡಲಿ? ರಾತ್ರಿ ಒಂದು ಎಆರ್‌ಟಿ ಮಾತ್ರೆ ಸಾಲದೆಂದು ಬೆಳಿಗ್ಗೆ ಇನ್ನೊಂದು ಕೊಟ್ಟಿದ್ದಾರೆ, ಅದು ಯಾಕೆ? ಮನೆಯಲ್ಲಿ ನನ್ನ ನಾಲ್ಕು ವರ್ಷದ ಮಗಳಿದ್ದಾಳೆ. ಅವನ ತಟ್ಟೆ, ಲೋಟ ಬೇರೆ ಇಟ್ಟಿದ್ದೇವೆ, ಅಷ್ಟು ಸಾಕೆ? ಅವನ ಹೆಂಡತಿಗೆ ನೆಗೆಟಿವ್ ಬಂದಿದೆ. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಶಿವಮೊಗ್ಗಕ್ಕೆ ಓಡಾಡುವುದೂ ಕಷ್ಟ, ಊರಿನವರಿಗೆ ಗೊತ್ತಾಗುವ ಭಯವೂ ಇದೆ.

ಉತ್ತರ: ಮೊದಲು ಅಮ್ಮನ ಮಾತು. ಮಾತ್ರೆ ನಿಲ್ಲಿಸಬೇಡಿ. ಹಾಗಂತ ಮನೆಯಲ್ಲಿ ಕಾಯುತ್ತಲೂ ಕೂರಬೇಡಿ. ಎಆರ್‌ಟಿ ಪುಸ್ತಕದಲ್ಲಿ ಬರೆದ ತಾರೀಕಿಗೆ ಇನ್ನೂ ಹತ್ತು ದಿನ ಇದ್ದರೂ ಸರಿ, ಎರಡು ಮೂರು ದಿನದೊಳಗೆ ಎಆರ್‌ಟಿ ಕೇಂದ್ರಕ್ಕೆ ಕರೆದುಕೊಂಡು ಹೋಗಿ.

ಆಗಿರುವುದು ಬಹುಶಃ ಇಷ್ಟು. ಸೋಂಕಿನೊಂದಿಗೆ ಹೋರಾಡುವ ಸಿಡಿ4 ಕಣ ಆರೋಗ್ಯವಂತರ ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಸಾಮಾನ್ಯವಾಗಿ 500ಕ್ಕೂ ಮೇಲಿರುತ್ತದೆ. ನಿಮ್ಮ ತಮ್ಮನಿಗೆ 82 ಇತ್ತು. ಅಷ್ಟು ಇಳಿದಾಗ ಒಳಗೆ ಟಿಬಿ ರೋಗಾಣು ತುಂಬಿದ್ದರೂ ಅದರ ಮೇಲೆ ತಿರುಗಿ ಬೀಳುವ ತ್ರಾಣ ದೇಹಕ್ಕೆ ಇರುವುದಿಲ್ಲ. ಊತ, ಜ್ವರ, ಕೀವು ಬಹುಮಟ್ಟಿಗೆ ದೇಹ ಹೋರಾಡುವಾಗಿನ ಗಲಾಟೆ. ಹೋರಾಡುವವರೇ ಇಲ್ಲದಿದ್ದಾಗ ಗಲಾಟೆಯೂ ಕಮ್ಮಿ. ಎಆರ್‌ಟಿ ಶುರುವಾದ ಕೆಲವೇ ವಾರಗಳಲ್ಲಿ ವೈರಸ್ ಇಳಿಯುತ್ತದೆ, ಮಲಗಿದ್ದ ರೋಗನಿರೋಧಕ ಶಕ್ತಿ ಏಳುತ್ತದೆ, ಎದ್ದದ್ದೇ ಗ್ರಂಥಿಗಳಲ್ಲಿ ಉಳಿದಿರುವ ಟಿಬಿ ರೋಗಾಣುವಿನ ಮೇಲೆ, ಸತ್ತ ರೋಗಾಣುವಿನ ಚೂರಿನ ಮೇಲೂ, ಮುಗಿಬೀಳುತ್ತದೆ. ಗಂಟು ಊದುವುದು, ಜ್ವರ ಮರಳುವುದು ಆಗಲೇ. ವೈದ್ಯರು ಇದನ್ನು ‘ಐರಿಸ್’ ಅನ್ನುತ್ತಾರೆ. ಹೆಚ್ಚಾಗಿ ಎಆರ್‌ಟಿ ಶುರುವಾದ ಮೊದಲ ಮೂರು ತಿಂಗಳಲ್ಲಿ, ಅದರಲ್ಲೂ ಸಿಡಿ4 ನೂರಕ್ಕಿಂತ ಕೆಳಗಿದ್ದವರಲ್ಲಿ ಕಾಣುತ್ತದೆ. ನಿಮ್ಮ ತಮ್ಮನ ಲೆಕ್ಕ ಎರಡಕ್ಕೂ ಹೊಂದುತ್ತದೆ. ಅಂದರೆ ಅಮ್ಮ ಹೇಳುವುದಕ್ಕೆ ಪೂರ್ತಿ ತಿರುಗುಮುರುಗು: ಮಾತ್ರೆ ಆಗಿಬರದೆ ಗಂಟು ಬಂದದ್ದಲ್ಲ, ಮಾತ್ರೆ ಕೆಲಸ ಮಾಡಿದ್ದಕ್ಕೆ ಬಂದಿರಬಹುದು.

‘ಬಹುಶಃ’ ಎಂದದ್ದಕ್ಕೆ ಕಾರಣವಿದೆ. ಟಿಬಿ ಮಾತ್ರೆಗೇ ರೋಗಾಣು ಬಗ್ಗದಿದ್ದರೂ ಹೀಗೇ ಆಗುತ್ತದೆ. ಇನ್ನೊಂದು ಸೋಂಕು ಸೇರಿಕೊಂಡಿದ್ದರೂ ಆಗುತ್ತದೆ. ಔಷಧಿಯ ಅಲರ್ಜಿಗೂ ಜ್ವರ ಬರುವುದುಂಟು. ಮೂರನ್ನೂ ತಳ್ಳಿಹಾಕಿದ ಮೇಲಷ್ಟೇ ಐರಿಸ್ ಅನ್ನಬೇಕು. ಅದಕ್ಕೆ ಮೊದಲ ಕಫದ ಸಿಬಿನ್ಯಾಟ್ ಅಥವಾ ಟ್ರೂನ್ಯಾಟ್ ಪರೀಕ್ಷೆಯ ವರದಿಯಲ್ಲಿ ಟಿಬಿಯ ಮುಖ್ಯ ಔಷಧಿ ರಿಫಾಂಪಿಸಿನ್‌ಗೆ ರೋಗಾಣು ಬಗ್ಗುತ್ತದೆ ಎಂದು ಬಂದಿತ್ತೇ ಎಂದು ನೋಡುತ್ತಾರೆ, ಎಕ್ಸ್‌ರೇ ತೆಗೆಸುತ್ತಾರೆ, ಬೇಕಾದರೆ ಗಂಟಿಗೆ ಸೂಜಿ ಹಾಕಿ ಮಾದರಿ ತೆಗೆಯುತ್ತಾರೆ, ಲಿವರ್ ಪರೀಕ್ಷೆ ಮಾಡಿಸುತ್ತಾರೆ. ಐರಿಸ್ ಎಂದಾದರೆ ಟಿಬಿ ಮಾತ್ರೆ, ಎಆರ್‌ಟಿ ಎರಡೂ ಮುಂದುವರಿಯುತ್ತವೆ. ಸಣ್ಣ ಪ್ರಮಾಣದ್ದು ಜ್ವರದ ಮಾತ್ರೆಯಲ್ಲೇ ಹತೋಟಿಗೆ ಬರುತ್ತದೆ. ಜೋರಾಗಿದ್ದರೆ ಪ್ರೆಡ್ನಿಸೋಲೋನ್ ಎಂಬ ಸ್ಟೀರಾಯ್ಡ್ ಅನ್ನು ಕೆಲವು ವಾರ ಕೊಟ್ಟು ನಿಧಾನಕ್ಕೆ ಇಳಿಸುತ್ತಾರೆ. ಇದನ್ನು ಓದಿ ಅಂಗಡಿಯಿಂದ ಸ್ಟೀರಾಯ್ಡ್ ತರಿಸಬೇಡಿ. ಒಳಗಿರುವುದು ಔಷಧಿಗೆ ಬಗ್ಗದ ಟಿಬಿ ಆಗಿದ್ದರೆ ಅದು ರೋಗಕ್ಕೇ ಬಲ ಕೊಡುತ್ತದೆ. ಗಂಟು ಹಣ್ಣಾಗಿ ತಾನೇ ಒಡೆದರೆ ಗಾಬರಿ ಬೇಡ, ಶುಭ್ರ ಬಟ್ಟೆ ಇಟ್ಟು ಕಟ್ಟಿ, ಆಸ್ಪತ್ರೆಗೆ ತೋರಿಸಿ. ಹಿಸುಕುವುದು, ಸೊಪ್ಪು ಅರೆದು ಪಟ್ಟು ಹಾಕುವುದು ಬೇಡ. ವಾಸಿಯಾಗಲು ತಿಂಗಳುಗಟ್ಟಲೆ ಹಿಡಿಯುವ ಗಾಯ ಅದು.

ಎರಡು ಮೂರು ದಿನ ಎಂದೆ. ಆದರೆ ಇವುಗಳಲ್ಲಿ ಒಂದು ಕಂಡರೂ ಅದೇ ಹೊತ್ತಿಗೆ ಹೊರಡಬೇಕು, ರಾತ್ರಿಯಾದರೂ ಸರಿ, 108ಕ್ಕೆ ಫೋನ್ ಮಾಡಿ: ಬಿಡದ ತಲೆನೋವು ಜೊತೆಗೆ ವಾಂತಿ, ಕುತ್ತಿಗೆ ಬಗ್ಗಿಸಲಾಗದಿರುವುದು, ಮಾತು ತೊದಲುವುದು ಅಥವಾ ಮಂಕಾಗುವುದು, ಫಿಟ್ಸ್, ಸುಮ್ಮನೆ ಕುಳಿತಲ್ಲೇ ಏದುಸಿರು (ನಿಮಿಷಕ್ಕೆ 30 ದಾಟಿದರೆ), ಒಬ್ಬರ ಆಸರೆಯಿಲ್ಲದೆ ನಡೆಯಲಾಗದಿರುವುದು. ಸಿಡಿ4 ಇಷ್ಟು ಕೆಳಗಿರುವಾಗ ತಲೆನೋವನ್ನು ಪಿತ್ತ, ಶೀತ ಎಂದು ತಳ್ಳಿಹಾಕುವಂತಿಲ್ಲ. ಮಿದುಳು ಪೊರೆಯ ಟಿಬಿಯೋ ಕ್ರಿಪ್ಟೋಕಾಕಸ್ ಎಂಬ ಶಿಲೀಂಧ್ರವೋ ಶುರುವಿನಲ್ಲಿ ಬರೀ ತಲೆನೋವಾಗಿಯೇ ಇರುತ್ತದೆ.

‘ಮಾತ್ರೆ ನಿಲ್ಲಿಸಬೇಡಿ’ ಎಂಬ ಮಾತಿಗೆ ಎರಡು ವಿನಾಯಿತಿ ಇವೆ. ಒಂದು, ಕಣ್ಣು ಹಳದಿಯಾಗಿ ಊಟ ಸೇರದೆ ವಾಂತಿ ಹಿಡಿದರೆ ಅದು ಟಿಬಿ ಮಾತ್ರೆ ಲಿವರ್ ಮೇಲೆ ಮಾಡಿದ ಪೆಟ್ಟಿರಬಹುದು. ಮುಂದಿನ ಡೋಸ್ ಕೊಡುವ ಮೊದಲು ಆಸ್ಪತ್ರೆಗೆ ಫೋನ್ ಮಾಡಿ, ಅದೇ ದಿನ ಹೋಗಿ. ಇನ್ನೊಂದು, ಮೈಮೇಲೆ ದದ್ದು ಎದ್ದು ಜೊತೆಗೆ ಬಾಯಿ ಹುಣ್ಣು, ಕಣ್ಣು ಕೆಂಪು ಅಥವಾ ಬೊಬ್ಬೆ ಬಂದರೆ. ಇಂಥದ್ದಕ್ಕೆ ಬಹಳ ಸಲ ಕಾರಣ, ಸಿಡಿ4 ಕಮ್ಮಿ ಇರುವವರಿಗೆ ಬೇರೆ ಸೋಂಕು ಬರದಂತೆ ಕೊಡುವ ಕೋಟ್ರೈಮಾಕ್ಸಜೋಲ್. ಆ ದೊಡ್ಡ ಬಿಳಿ ಮಾತ್ರೆಯಲ್ಲಿ ಸಲ್ಫಾ ಅಂಶವಿದೆ. ಆಗಲೂ ಮುಂದಿನ ಡೋಸ್ ತಡೆದು ಅದೇ ದಿನ ಹೋಗಬೇಕು. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿದರೆ ಮಾತ್ರ ಹೆದರಬೇಡಿ, ಅದು ರಿಫಾಂಪಿಸಿನ್ ಬಣ್ಣ. ಬಣ್ಣ ಕಾಣದೇ ಹೋದರೇ ಮಾತ್ರೆ ನುಂಗಿದ್ದು ನಿಜವೇ ಎಂದು ಕೇಳಬೇಕು. ಕಣ್ಣು ಮಂಜಾದರೆ, ಕೆಂಪು ಹಸಿರು ಬಣ್ಣ ಗುರುತು ಸಿಗದಿದ್ದರೆ ಟಿಬಿ ಮಾತ್ರೆಯಲ್ಲಿರುವ ಎಥಾಂಬ್ಯೂಟಾಲ್ ಕಾರಣವಿರಬಹುದು. ಅದನ್ನೂ ತಡಮಾಡದೆ ಹೇಳಿ.

ನಮ್ಮ ಕಡೆಯ ಜ್ವರಗಳ ವಿಷಯವನ್ನು ಬೇರೆಯಾಗಿ ಹೇಳಬೇಕು, ಹೊರಗಿನ ಪುಸ್ತಕಗಳಲ್ಲಿ ಇದು ಸಿಗುವುದಿಲ್ಲ. ಮಲೆನಾಡಿನಲ್ಲಿ ಎಚ್‌ಐವಿ ಇರುವವರಿಗೆ ಬರುವ ಜ್ವರವೆಲ್ಲ ಎಚ್‌ಐವಿಯದ್ದಲ್ಲ. ಗದ್ದೆ ಕೆಲಸದ ದಿನಗಳಲ್ಲಿ ಇಲಿಜ್ವರ, ಮಳೆಯ ಆಚೆ ಈಚೆ ಡೆಂಗ್ಯೂ, ಡಿಸೆಂಬರ್‌ನಿಂದ ಮೇವರೆಗೆ ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ್ದರಿಂದಲೇ ಅದಕ್ಕೆ ಕ್ಯಾಸನೂರು ಕಾಡಿನ ಕಾಯಿಲೆ (ಕೆಎಫ್‌ಡಿ) ಎಂಬ ಹೆಸರೂ ಇದೆ. ಸಿಡಿ4 ಮೇಲೇರುವವರೆಗೆ ನಿಮ್ಮ ತಮ್ಮ ಸೊಪ್ಪಿನಬೆಟ್ಟಕ್ಕೆ ತರಗೆಲೆ ಗುಡಿಸಲು, ಸೌದೆಗೆ ಹೋಗದಿರುವುದು ಒಳ್ಳೆಯದು. ಹೋಗಲೇಬೇಕಾದರೆ ಉದ್ದ ತೋಳಿನ ಅಂಗಿ, ಕಾಲಿಗೆ ಬೂಟು, ಉಣುಗು ಹತ್ತದಂತೆ ಆಸ್ಪತ್ರೆಯಲ್ಲಿ ಕೊಡುವ ತೈಲ, ಬಂದ ಮೇಲೆ ಬಿಸಿನೀರಿನ ಸ್ನಾನ. ಜ್ವರಕ್ಕೆ ಹತ್ತಿರದ ಕ್ಲಿನಿಕ್‌ಗೆ ಹೋದಾಗ ಎಚ್‌ಐವಿ ಎಂದು ಹೇಳಲು ಮನಸ್ಸಾಗದಿದ್ದರೂ ‘ಟೆನೋಫೋವಿರ್ ತಗೊಳ್ತಾ ಇದ್ದಾನೆ, ಟಿಬಿ ಮಾತ್ರೆಯೂ ಇದೆ’ ಎಂದಾದರೂ ಹೇಳಲೇಬೇಕು. ಎಆರ್‌ಟಿ ಮಾತ್ರೆಯಲ್ಲಿರುವ ಟೆನೋಫೋವಿರ್ ಮೂತ್ರಪಿಂಡಕ್ಕೆ ಸ್ವಲ್ಪ ಭಾರ. ಅದರ ಮೇಲೆ ಮೈಕೈ ನೋವಿಗೆಂದು ದಿನಾ ಡೈಕ್ಲೋಫೆನಾಕ್ ಚುಚ್ಚಿಸಿಕೊಂಡರೆ ಮೂತ್ರಪಿಂಡ ಸೋಲುತ್ತಿರುವುದನ್ನು ತೋರಿಸುವ ಕ್ರಿಯಾಟಿನಿನ್ ಏರುತ್ತದೆ. ಡೆಂಗ್ಯೂ, ಮಂಗನ ಕಾಯಿಲೆಯಲ್ಲಿ ಆ ಇಂಜೆಕ್ಷನ್ ರಕ್ತಸ್ರಾವಕ್ಕೂ ದಾರಿ. ಪ್ಯಾರಾಸಿಟಮಾಲ್ 500 ಮಿ.ಗ್ರಾಂ, ಆರು ಗಂಟೆ ಬಿಟ್ಟು ಒಂದೊಂದು, ದಿನಕ್ಕೆ ನಾಲ್ಕು ದಾಟದಂತೆ ಕೊಡಿ.

ಈಗ ಬೆಳಗಿನ ಮಾತ್ರೆ. ರಾತ್ರಿಯದು ಟಿಎಲ್‌ಡಿ: ಟೆನೋಫೋವಿರ್ 300, ಲ್ಯಾಮಿವುಡಿನ್ 300, ಡೊಲುಟೆಗ್ರಾವಿರ್ 50 ಮಿ.ಗ್ರಾಂ ಸೇರಿದ ಒಂದೇ ಗುಳಿಗೆ. ಎಚ್‌ಐವಿ ಮಾತ್ರ ಇರುವವರಿಗೆ ಅಷ್ಟೇ ಸಾಕು. ಆದರೆ ಟಿಬಿಯ ರಿಫಾಂಪಿಸಿನ್ ಲಿವರ್ ಅನ್ನು ಚುರುಕುಗೊಳಿಸಿ ಡೊಲುಟೆಗ್ರಾವಿರ್ ಅನ್ನು ಬೇಗ ಬೇಗ ಕರಗಿಸಿ ಕಳಿಸಿಬಿಡುತ್ತದೆ. ರಾತ್ರಿ ಒಂಬತ್ತಕ್ಕೆ ನುಂಗಿದ್ದು ಮಾರನೇ ದಿನ ಮಧ್ಯಾಹ್ನದ ಹೊತ್ತಿಗೆ ಸಾಲದಂತಾಗುತ್ತದೆ. ಆ ಕೊರತೆ ತುಂಬಲೆಂದೇ ಹನ್ನೆರಡು ಗಂಟೆ ಬಿಟ್ಟು ಡೊಲುಟೆಗ್ರಾವಿರ್ 50 ಒಂದನ್ನೇ ಬೇರೆಯಾಗಿ ಕೊಡುವುದು. ಎಡವಟ್ಟು ಆಗುವುದು ಎರಡು ಕಡೆ. ಕೆಲವರು ಎರಡನ್ನೂ ಒಟ್ಟಿಗೆ ರಾತ್ರಿಯೇ ನುಂಗುತ್ತಾರೆ, ಆಗ ಹಗಲಿನ ಕೊರತೆ ಹಾಗೇ ಉಳಿಯಿತು. ಇನ್ನು ಕೆಲವರು ಟಿಬಿ ಕೋರ್ಸ್ ಮುಗಿದ ದಿನವೇ ಬೆಳಗಿನ ಮಾತ್ರೆಯನ್ನೂ ಬಿಡುತ್ತಾರೆ. ರಿಫಾಂಪಿಸಿನ್ ನಿಂತ ಮೇಲೂ ಲಿವರ್‌ನ ಚುರುಕು ಇಳಿಯಲು ಸುಮಾರು ಎರಡು ವಾರ ಬೇಕು, ಆದ್ದರಿಂದ ಆ ಎರಡು ವಾರವೂ ಬೆಳಗಿನದು ನಡೆಯಬೇಕು.

ದಿನದ ಲೆಕ್ಕ ಹೀಗಿಟ್ಟುಕೊಂಡರೆ ಸಲೀಸು. ಎದ್ದ ಕೂಡಲೇ ಖಾಲಿ ಹೊಟ್ಟೆಗೆ ಟಿಬಿ ಮಾತ್ರೆ. 44 ಕೆ.ಜಿ.ಗೆ ದಿನಕ್ಕೆ ಮೂರು, ಮೂರನ್ನೂ ಒಟ್ಟಿಗೆ. ತೂಕ 50 ಮುಟ್ಟಿದರೆ ಮಾತ್ರೆ ನಾಲ್ಕಾಗಬಹುದು, ಹಾಗಾಗಿ ಪ್ರತಿ ಭೇಟಿಯಲ್ಲೂ ತೂಕ ಬರೆಸಿ. ಒಂಬತ್ತಕ್ಕೆ ತಿಂಡಿ, ಅದರೊಂದಿಗೆ ಡೊಲುಟೆಗ್ರಾವಿರ್, ಕೋಟ್ರೈಮಾಕ್ಸಜೋಲ್, ಪಿರಿಡಾಕ್ಸಿನ್ (ಬಿ6 ವಿಟಮಿನ್). ರಾತ್ರಿ ಒಂಬತ್ತಕ್ಕೆ ಟಿಎಲ್‌ಡಿ. ಮರೆತರೆ ನೆನಪಾದ ಕೂಡಲೇ ತೆಗೆದುಕೊಳ್ಳಲಿ. ಮುಂದಿನ ಡೋಸ್‌ಗೆ ನಾಲ್ಕು ಗಂಟೆಯೂ ಉಳಿದಿಲ್ಲ ಎಂದಾದರೆ ಅದನ್ನು ಬಿಟ್ಟು ಮುಂದಿನದನ್ನೇ ಹೊತ್ತಿಗೆ ಸರಿಯಾಗಿ ತೆಗೆದುಕೊಳ್ಳಬೇಕು. ಎರಡು ಒಟ್ಟಿಗೆ ಬೇಡ. ನುಂಗಿ ಅರ್ಧ ಗಂಟೆಯೊಳಗೆ ವಾಂತಿಯಾದರೆ ಅಥವಾ ವಾಂತಿಯಲ್ಲಿ ಮಾತ್ರೆಯೇ ಕಂಡರೆ ಮತ್ತೊಂದು ಕೊಡಿ. ಅಡಿಕೆ ಕೊಯ್ಲಿನ ಕಾಲಕ್ಕೆ ಬೆಳಕು ಹರಿಯುವ ಮುಂಚೆ ತೋಟಕ್ಕೆ ಹೋಗುವವರು, ರಾತ್ರಿ ಹೊತ್ತಾಗುವವರೆಗೆ ಅಡಿಕೆ ಸುಲಿಯಲು ಕೂರುವವರು ತಮಗೆ ಹೊಂದುವ ಹೊತ್ತನ್ನೇ ಆರಿಸಿಕೊಳ್ಳಲಿ. ಒಂಬತ್ತೇ ಆಗಬೇಕೆಂದೇನೂ ಇಲ್ಲ, ದಿನಾ ಅದೇ ಹೊತ್ತಾಗಬೇಕು, ಅಷ್ಟೇ.

ಹೊಟ್ಟೆ ಉರಿ ಎಂದು ಡೈಜೀನ್, ಜೆಲುಸಿಲ್ ಥರದ್ದನ್ನು ಕುಡಿಯುವ ಅಭ್ಯಾಸ ಇದ್ದರೆ ಜೋಕೆ. ಅದರಲ್ಲಿರುವ ಅಲ್ಯೂಮಿನಿಯಂ, ಮೆಗ್ನೀಸಿಯಂ ಹೊಟ್ಟೆಯಲ್ಲೇ ಡೊಲುಟೆಗ್ರಾವಿರ್‌ಗೆ ಅಂಟಿಕೊಂಡು ರಕ್ತಕ್ಕೆ ಸೇರಲು ಬಿಡುವುದಿಲ್ಲ. ಡೊಲುಟೆಗ್ರಾವಿರ್ ತೆಗೆದುಕೊಂಡು ಎರಡು ಗಂಟೆಯ ನಂತರ ಕುಡಿಯಬೇಕು, ಅಥವಾ ಕುಡಿದ ಮೇಲೆ ಆರು ಗಂಟೆ ಬಿಟ್ಟು ಮಾತ್ರೆ. ಪ್ಯಾಂಟೊಪ್ರಜೋಲ್‌ನಿಂದ ಈ ತಕರಾರಿಲ್ಲ. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಯನ್ನು ಊಟದ ಜೊತೆ ಡೊಲುಟೆಗ್ರಾವಿರ್‌ನೊಂದಿಗೇ ನುಂಗಬಹುದು, ಖಾಲಿ ಹೊಟ್ಟೆಗೆ ಮಾತ್ರ ಇದೇ ಅಂತರ ಬೇಕು. ನಾಟಿ ಔಷಧಿಗೆ ಅಮ್ಮನ ಬಳಿ ಹೇಳಬೇಕಾದ ಮಾತೂ ಇಲ್ಲೇ ಇದೆ. ಶುಂಠಿ, ಜೀರಿಗೆ, ಕೊತ್ತಂಬರಿಯ ಮನೆ ಕಷಾಯಕ್ಕೆ ನಮ್ಮ ಅಡ್ಡಿಯಿಲ್ಲ. ಆದರೆ ಭಸ್ಮ ಎಂದರೆ ಬಹಳ ಸಲ ಲೋಹ ಇಲ್ಲವೇ ಸುಣ್ಣದಂಶ. ಲೋಹಭಸ್ಮ, ಶಂಖಭಸ್ಮ ಕೂಡ ಹೀಗೇ ಅಂಟಿಕೊಳ್ಳಬಲ್ಲವು. ಏನು ಹಾಕಿದ್ದಾರೆಂದು ಹೇಳದ ಪುಡಿ, ಲೇಹ್ಯ ಲಿವರ್‌ಗೆ ಏನು ಮಾಡೀತು ಎಂಬುದು ಕೊಟ್ಟವರಿಗೂ ಗೊತ್ತಿರುವುದಿಲ್ಲ. ಟಿಬಿ ಮಾತ್ರೆ ನಡೆಯುವ ಆರು ತಿಂಗಳಾದರೂ ಅದು ಬೇಡ. ಸಾರಾಯಿಯೂ ಬೇಡ. ಒಂದು ದಿನ ಕುಡಿದೇಬಿಟ್ಟ ಎಂದಿಟ್ಟುಕೊಳ್ಳಿ, ‘ಕುಡಿದಿದ್ದೇನೆ, ಇವತ್ತು ಮಾತ್ರೆ ಬೇಡ’ ಎಂದು ಬಿಡುವುದು ಅದಕ್ಕಿಂತ ದೊಡ್ಡ ತಪ್ಪು.

ಮಳೆಗಾಲದ ವಿಷಯಕ್ಕೆ ಬರೋಣ, ನನ್ನ ಮಟ್ಟಿಗೆ ನಿಮ್ಮ ಪ್ರಶ್ನೆಯಲ್ಲಿ ಅತಿ ಮುಖ್ಯವಾದದ್ದು ಇದೇ. ಈಗಿನ ಎಆರ್‌ಟಿ ಎಷ್ಟು ಒಳ್ಳೆಯದೆಂದರೆ, ಮಲೆನಾಡಿನಲ್ಲಿ ಚಿಕಿತ್ಸೆ ಕೈಕೊಡುವುದು ಔಷಧಿಯ ದೋಷದಿಂದ ಅಪರೂಪ. ಮಾತ್ರೆ ಮುಗಿದು ಬಸ್ಸು ಬಾರದ ನಾಲ್ಕು ದಿನದಿಂದಲೇ ಹೆಚ್ಚು. ಲೆಕ್ಕ ನೋಡಿ: ತಿಂಗಳಿಗೆ 30 ಮಾತ್ರೆಯಲ್ಲಿ ಒಂದು ತಪ್ಪಿದರೆ ನೂರಕ್ಕೆ 97ರಷ್ಟಾಯಿತು, ಎರಡು ತಪ್ಪಿದರೆ 93ಕ್ಕೆ ಇಳಿಯಿತು. ನಾವು ಕೇಳುವುದು 95ಕ್ಕೆ ಮೇಲೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮರ ಬಿದ್ದು, ಧರೆ ಕುಸಿದು ರಸ್ತೆ ಮುಚ್ಚುವ ಊರಿನವರು ಡಬ್ಬಿ ಖಾಲಿಯಾಗುವವರೆಗೆ ಕಾಯಬಾರದು. ಏಳು ಮಾತ್ರೆ ಉಳಿದಾಗಲೇ ಹೊರಡಿ. ಮೇ ತಿಂಗಳ ಭೇಟಿಯಲ್ಲೇ ಕೌನ್ಸೆಲರ್ ಹತ್ತಿರ ‘ನಮ್ಮ ಊರಿಗೆ ಮಳೆಗಾಲದಲ್ಲಿ ಬಸ್ಸಿನ ಭರವಸೆ ಇಲ್ಲ’ ಎಂದು ಬಿಡಿಸಿ ಹೇಳಿ ಪುಸ್ತಕದಲ್ಲಿ ಬರೆಸಿ. ಶುರುವಿನ ತಿಂಗಳುಗಳಲ್ಲಿ ತಿಂಗಳಿಗೊಮ್ಮೆ ವೈದ್ಯರು ನೋಡಲೇಬೇಕು, ಅದು ತಪ್ಪಿಸುವಂಥದ್ದಲ್ಲ. ಸ್ಥಿತಿ ಗಟ್ಟಿಯಾದ ಮೇಲೆ ಎರಡು ಮೂರು ತಿಂಗಳ ಮಾತ್ರೆ ಒಟ್ಟಿಗೆ ಕೊಡುವ ಪದ್ಧತಿ ಇದೆ, ಹತ್ತಿರದ ಲಿಂಕ್ ಎಆರ್‌ಟಿ ಕೇಂದ್ರಕ್ಕೆ ಜೋಡಿಸುವ ಪದ್ಧತಿಯೂ ಇದೆ. ಎರಡನ್ನೂ ಬಾಯಿಬಿಟ್ಟು ಕೇಳಬೇಕು. ತಮ್ಮನಿಗೆ ಏಳಲಾಗದ ದಿನ ನೀವೇ ಹೋಗಿ ಮಾತ್ರೆ ತರಬಹುದೇ ಎಂಬುದನ್ನೂ ಮೊದಲೇ ಮಾತಾಡಿಟ್ಟುಕೊಳ್ಳಿ, ಹೋಗುವಾಗ ಅವರ ಪುಸ್ತಕ, ಉಳಿದ ಮಾತ್ರೆಯ ಡಬ್ಬಿ ಕೈಯಲ್ಲಿರಲಿ. ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತ. ನಮ್ಮ ಕಡೆ ಓಡುವುದು ಖಾಸಗಿ ಬಸ್ಸೇ ಜಾಸ್ತಿ ಎಂಬುದು ಬೇರೆ ಮಾತು.

ಇಷ್ಟಾಗಿಯೂ ಮಾತ್ರೆ ಮುಗಿಯಿತು, ರಸ್ತೆ ಮುಚ್ಚಿದೆ ಎಂದಾದರೆ? ಜನ ಸಾಮಾನ್ಯವಾಗಿ ಮಾಡುವ ಉಪಾಯ ಕೊನೆಯ ಆರು ಮಾತ್ರೆಯನ್ನು ದಿನ ಬಿಟ್ಟು ದಿನ ನುಂಗಿ ಹನ್ನೆರಡು ದಿನಕ್ಕೆ ಎಳೆಯುವುದು. ಇದಕ್ಕಿಂತ ಕೆಟ್ಟದ್ದಿಲ್ಲ. ರಕ್ತದಲ್ಲಿ ಔಷಧಿ ಅರೆಬರೆ ಇದ್ದಾಗಲೇ ವೈರಸ್ ಅದಕ್ಕೆ ಒಗ್ಗಿಕೊಳ್ಳುವುದನ್ನು ಕಲಿಯುತ್ತದೆ. ಇರುವಷ್ಟು ದಿನ ಪೂರ್ತಿ ಡೋಸ್ ನಡೆಯಲಿ, ಅಷ್ಟರಲ್ಲಿ ಕೇಂದ್ರಕ್ಕೆ ಫೋನ್ ಮಾಡಿ. 1097 ಉಚಿತ ಸಹಾಯವಾಣಿಗೂ ಮಾಡಬಹುದು. ದೇಶದ ಯಾವ ಸರ್ಕಾರಿ ಎಆರ್‌ಟಿ ಕೇಂದ್ರದಲ್ಲೂ ಪುಸ್ತಕ ತೋರಿಸಿ ಮಾತ್ರೆ ಕೇಳಬಹುದು. ಮುಂದೆ ಅವರು ಮತ್ತೆ ಬೆಂಗಳೂರಿಗೆ ಹೋಗುವುದಾದರೆ ಬಸ್ಸು ಹತ್ತುವ ಮೊದಲು ವರ್ಗಾವಣೆ ಪತ್ರ ಬರೆಸಿಕೊಳ್ಳಲಿ.

ಮಾತ್ರೆ ಇಡುವ ಜಾಗವನ್ನೂ ನೋಡಿ. ಡಬ್ಬಿಯೊಳಗೆ ಸಣ್ಣ ಪೊಟ್ಟಣವೊಂದು ಇರುತ್ತದೆ, ತೇವ ಹೀರುವುದಕ್ಕೆ. ಅದನ್ನು ಬೇಡದ್ದೆಂದು ಎಸೆಯುವವರೇ ಹೆಚ್ಚು. ಆಗುಂಬೆ ಕಡೆಯ ಆಷಾಢದಲ್ಲಿ ಹಪ್ಪಳ ಎರಡು ದಿನಕ್ಕೆ ಮೆತ್ತಗಾಗುತ್ತದೆ, ಮಾತ್ರೆಗೂ ಅದೇ ಗಾಳಿ. ಪೊಟ್ಟಣ ಒಳಗೇ ಇರಲಿ, ಮುಚ್ಚಳ ಗಟ್ಟಿ ತಿರುಗಿಸಿ, ಯಾರಿಗೂ ಗೊತ್ತಾಗಬಾರದೆಂದು ಕಾಗದದ ಚೀಟಿಗೆ ಸುತ್ತಿ ಅಂಗಿ ಜೇಬಿನಲ್ಲಿ ವಾರಗಟ್ಟಲೆ ಇಡಬೇಡಿ. ಗುಟ್ಟಾಗಿ ಇಡಲೇಬೇಕೆಂದರೆ ಡಬ್ಬಿಯ ಮೇಲಿನ ಚೀಟಿ ಕೀಳಿ, ಡಬ್ಬಿ ಮಾತ್ರ ಬದಲಿಸಬೇಡಿ. ಎರಡು ಡಬ್ಬಿ ಇರುವುದರಿಂದ ಒಂದರ ಮುಚ್ಚಳಕ್ಕೆ ಸೂರ್ಯ, ಇನ್ನೊಂದಕ್ಕೆ ಚಂದ್ರನ ಗುರುತು ಹಾಕಿದರೆ ಬೆಳಗಿನದು ರಾತ್ರಿಯದು ಅದಲುಬದಲಾಗದು. ಬಚ್ಚಲೊಲೆಯ ಮೇಲಿನ ಗೂಡು, ಅಡಿಗೆಮನೆ ಅಟ್ಟ ಎರಡೂ ಬಿಸಿ. ಫ್ರಿಜ್ ಬೇಡ. ಮಲಗುವ ಕೋಣೆಯ ಕಪಾಟು ಸಾಕು, ಮಗುವಿನ ಕೈಗೆ ಎಟುಕದಷ್ಟು ಎತ್ತರದಲ್ಲಿ.

ಮಗಳ ವಿಷಯ. ತಟ್ಟೆ ಬೇರೆ ಇಟ್ಟದ್ದು ದಂಡ. ಜೊತೆಗೆ ಊಟ, ಒಂದೇ ಬಚ್ಚಲು, ಅಪ್ಪಿಕೊಳ್ಳುವುದು, ಸೊಳ್ಳೆ, ಇವ್ಯಾವುದರಿಂದಲೂ ಎಚ್‌ಐವಿ ಹರಡುವುದಿಲ್ಲ. ಉಂಬಳ ಕಚ್ಚಿ ಹರಡಿದ್ದೂ ಎಲ್ಲಿಯೂ ದಾಖಲಾಗಿಲ್ಲ. ಕ್ಷೌರದ ಬ್ಲೇಡು, ಹಲ್ಲುಜ್ಜುವ ಬ್ರಷ್ ಬೇರೆಯಿದ್ದರೆ ಆಯಿತು. ಗಾಯದ ರಕ್ತ ಒರೆಸುವಾಗ ಕೈಗೆ ಪ್ಲಾಸ್ಟಿಕ್ ಹಾಕಿಕೊಳ್ಳಿ. ಮನೆಯೊಳಗೆ ಹರಡಬಲ್ಲದ್ದು ಟಿಬಿ, ಅದು ಹರಡುವುದು ಗಾಳಿಯಿಂದ, ತಟ್ಟೆಯಿಂದಲ್ಲ. ಮಳೆಗೆ ಕಿಟಕಿ ಬಾಗಿಲು ಮುಚ್ಚಿ ಹೊಗೆ ತುಂಬಿದ ನಮ್ಮ ಮನೆಗಳು ಅದಕ್ಕೆ ಹೇಳಿ ಮಾಡಿಸಿದಂತಿರುತ್ತವೆ. ಔಷಧಿ ಸರಿಯಾಗಿ ಕೆಲಸ ಮಾಡುತ್ತಿದ್ದರೆ ಆರು ವಾರಕ್ಕೆ ಹರಡುವಿಕೆ ಬಹಳ ಕಮ್ಮಿಯಾಗಿರುತ್ತದೆ. ಆದರೂ ಜ್ವರ ಮರಳಿದ ಕಾರಣ ತಿಳಿಯುವವರೆಗೆ ನಿಮ್ಮ ತಮ್ಮ ಜಗಲಿಯ ಕಡೆ, ಗಾಳಿಯಾಡುವಲ್ಲಿ ಮಲಗಲಿ, ಕೆಮ್ಮುವಾಗ ಬಾಯಿಗೆ ಬಟ್ಟೆ ಇರಲಿ. ನಾಲ್ಕು ವರ್ಷದ ಮಗುವಿಗೆ ಈವರೆಗೆ ಟಿಬಿ ತಪಾಸಣೆ ಆಗಿಲ್ಲವೆಂದಾದರೆ ಇದೇ ವಾರ ಮಾಡಿಸಿ. ರೋಗವಿಲ್ಲ ಎಂದು ಖಚಿತವಾದರೆ ಬರದಂತೆ ತಡೆಯಲು ಐಸೋನಿಯಾಜಿಡ್ ಅನ್ನು ತೂಕಕ್ಕೆ ತಕ್ಕಂತೆ (ಕೆ.ಜಿ.ಗೆ 10 ಮಿ.ಗ್ರಾಂ) ದಿನಾ, ಆರು ತಿಂಗಳು ಕೊಡುತ್ತಾರೆ. ನೀವು, ಅಮ್ಮ, ತಮ್ಮನ ಹೆಂಡತಿ ಎಲ್ಲರೂ ತಪಾಸಣೆಗೆ ಹೋಗಬೇಕು. ಆಶಾ ಕಾರ್ಯಕರ್ತೆಗೆ ಟಿಬಿ ಎಂದಷ್ಟೇ ಹೇಳಿದರೂ ಈ ಕೆಲಸ ನಡೆಯುತ್ತದೆ.

ತಮ್ಮನ ಹೆಂಡತಿಯ ನೆಗೆಟಿವ್ ಸಂತೋಷದ ಸುದ್ದಿ, ಆದರೆ ಪೂರ್ತಿ ಮುಗಿದ ಸುದ್ದಿಯಲ್ಲ. ಇತ್ತೀಚೆಗೆ ತಗುಲಿದ್ದರೆ ಪರೀಕ್ಷೆಯಲ್ಲಿ ಕಾಣಲು ಸಮಯ ಬೇಕು. ಮೂರು ತಿಂಗಳಿಗೆ ಮತ್ತೊಮ್ಮೆ, ಆಮೇಲೆ ಆರು ತಿಂಗಳಿಗೊಮ್ಮೆ ಮಾಡಿಸಿ. ವೈರಲ್ ಲೋಡ್ (ರಕ್ತದಲ್ಲಿರುವ ವೈರಸ್ ಪ್ರಮಾಣ) ಇಳಿದಿದೆ ಎಂದು ವರದಿ ಬರುವವರೆಗೆ ಕಾಂಡೋಮ್ ತಪ್ಪಿಸಬಾರದು. ಒಡೆದುಹೋದರೆ 72 ಗಂಟೆಯೊಳಗೆ, ಆದಷ್ಟು ಮೊದಲ ಎರಡು ಗಂಟೆಯಲ್ಲೇ, ಆಸ್ಪತ್ರೆಗೆ ಹೋದರೆ 28 ದಿನದ ತಡೆ ಮಾತ್ರೆ ಇದೆ. ಮಾತ್ರೆ ತಪ್ಪಿಸದೆ ತೆಗೆದುಕೊಂಡು ವೈರಸ್ ಪತ್ತೆಯಾಗದ ಮಟ್ಟದಲ್ಲೇ ಉಳಿದವರಿಂದ ಲೈಂಗಿಕ ಸಂಪರ್ಕದಲ್ಲಿ ಎಚ್‌ಐವಿ ದಾಟುವುದಿಲ್ಲ ಎಂಬುದು ಈಗ ಗಟ್ಟಿಯಾಗಿ ಸ್ಥಾಪಿತವಾದ ಸಂಗತಿ. ಮಕ್ಕಳು ಬೇಕೆಂದರೆ ಆ ಹಂತ ತಲುಪಿದ ಮೇಲೆ ವೈದ್ಯರ ಜೊತೆ ಮಾತಾಡಲಿ, ದಾರಿ ಇದೆ.

ವೈರಲ್ ಲೋಡ್ ಪರೀಕ್ಷೆ ಎಆರ್‌ಟಿ ಶುರುವಾದ ಆರನೇ ತಿಂಗಳಿಗೆ, ಹನ್ನೆರಡನೇ ತಿಂಗಳಿಗೆ, ನಂತರ ವರ್ಷಕ್ಕೊಮ್ಮೆ, ಉಚಿತವಾಗಿ. ಮಿಲಿಲೀಟರ್‌ಗೆ ಸಾವಿರಕ್ಕಿಂತ ಹೆಚ್ಚು ಬಂದರೆ ಔಷಧಿ ಸೋತಿತೆಂದು ಆಗಲೇ ತೀರ್ಮಾನಿಸುವುದಿಲ್ಲ. ಎಲ್ಲಿ ತಪ್ಪುತ್ತಿದೆ ಎಂದು ಕೌನ್ಸೆಲರ್ ಜೊತೆ ಕೂತು ಸರಿಮಾಡಿಕೊಂಡು, ಮೂರು ತಿಂಗಳು ಸರಿಯಾಗಿ ನುಂಗಿ, ಮತ್ತೆ ಪರೀಕ್ಷೆ. ಆದ್ದರಿಂದ ತಪ್ಪಿದ್ದನ್ನು ಮುಚ್ಚಿಡಬೇಡಿ. ಡಬ್ಬಿಯಲ್ಲಿ ಉಳಿದ ಮಾತ್ರೆಯನ್ನು ಎಣಿಕೆಗೆ ಮುಂಚೆ ಎಸೆದು ಬರುವವರಿದ್ದಾರೆ, ಅದರಿಂದ ಮೋಸ ಹೋಗುವುದು ವೈದ್ಯರಲ್ಲ. ಸಿಡಿ4 ನಿಧಾನಕ್ಕೆ ಏರುತ್ತದೆ, ಮೊದಲ ವರ್ಷ ನೂರು ನೂರೈವತ್ತು ಏರಿದರೆ ಚೆನ್ನಾಗಿಯೇ ಏರಿತು. ಅದು 350 ದಾಟಿ, ಆರು ತಿಂಗಳ ಅಂತರದ ಎರಡು ಪರೀಕ್ಷೆಯಲ್ಲಿ ಹಾಗೇ ನಿಂತ ಮೇಲೆ ಕೋಟ್ರೈಮಾಕ್ಸಜೋಲ್ ಬಿಡಿಸುತ್ತಾರೆ. ಎಆರ್‌ಟಿ ಮಾತ್ರ ಜೀವನಪೂರ್ತಿ.

ಊಟಕ್ಕೆ ವಿಶೇಷ ಪಥ್ಯ ಬೇಡ. ಮೊಟ್ಟೆ, ಕಾಳು, ಮೀನು, ಹಾಲು, ಹಸಿವಾದಾಗಲೆಲ್ಲ ಸ್ವಲ್ಪ ಸ್ವಲ್ಪ. ಕುಡಿಯಲು ಅಬ್ಬಿ ನೀರು ಎಷ್ಟೇ ತಿಳಿಯಾಗಿ ಕಂಡರೂ ಕೊತಕೊತ ಕುದಿಸಿಯೇ ಕೊಡಿ. ಒಂದೆಲಗದ ತಂಬುಳಿ ಇಷ್ಟವಾದರೆ ಹಸಿ ಸೊಪ್ಪು ಅರೆಯದೆ ತುಪ್ಪದಲ್ಲಿ ಬಾಡಿಸಿ ಅರೆಯಿರಿ, ಸದ್ಯಕ್ಕೆ ಹಸಿಯದ್ದು ಬೇಡ. ಟಿಬಿ ಚಿಕಿತ್ಸೆಯಲ್ಲಿರುವವರಿಗೆ ನಿಕ್ಷಯ್ ಪೋಷಣೆ ಹಣ 2024ರ ನವೆಂಬರ್‌ನಿಂದ ತಿಂಗಳಿಗೆ 1000 ರೂಪಾಯಿ ಆಗಿದೆ. ಅವರ ಬ್ಯಾಂಕ್ ಖಾತೆ ಜೋಡಣೆಯಾಗಿದೆಯೇ ಎಂದು ಟಿಬಿ ಸಿಬ್ಬಂದಿಯನ್ನು ಕೇಳಿ.

ಗುಟ್ಟಿನ ಭಯಕ್ಕೆ ಕಾನೂನಿನ ಬಲ ಇದೆ. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಆಸ್ಪತ್ರೆ ಸಿಬ್ಬಂದಿಯೂ ಸೇರಿ, ನಂಬಿಕೆಯ ಮೇಲೆ ಈ ವಿಷಯ ತಿಳಿದವರು ನಿಮ್ಮ ತಮ್ಮನ ಒಪ್ಪಿಗೆಯಿಲ್ಲದೆ ಬೇರೆಯವರಿಗೆ ಹೇಳುವಂತಿಲ್ಲ. ಎಚ್‌ಐವಿ ಇದೆ ಎಂಬ ಕಾರಣಕ್ಕೆ ಚಿಕಿತ್ಸೆ, ಕೆಲಸ, ಬಾಡಿಗೆ ಮನೆ, ಶಾಲೆ ನಿರಾಕರಿಸುವಂತಿಲ್ಲ. ದೂರು ಕೇಳಲು ರಾಜ್ಯ ಮಟ್ಟದಲ್ಲಿ ಓಂಬುಡ್ಸ್‌ಮನ್ ವ್ಯವಸ್ಥೆಗೆ ಕಾಯ್ದೆಯಲ್ಲೇ ಅವಕಾಶವಿದೆ. ಊರಿನ ಬಾಯಿಗೆ ಕಾನೂನು ಬೀಗ ಹಾಕುವುದಿಲ್ಲ ಎಂಬುದೂ ನಿಜ. ಕೇಳಿದವರಿಗೆ ಟಿಬಿ ಎಂದು ಹೇಳಿ, ಅದು ಸುಳ್ಳೂ ಅಲ್ಲ. ಮನೆಯೊಳಗೆ ಮಾತ್ರ ಅಮ್ಮನಿಗೆ ಪೂರ್ತಿ ವಿಷಯ ತಿಳಿದಿರಬೇಕೇ ಬೇಡವೇ ಎಂಬುದನ್ನು ತಮ್ಮನೇ ನಿರ್ಧರಿಸಲಿ. ಗೊತ್ತಿಲ್ಲದವರೇ ಮಾತ್ರೆ ಬಿಡಿಸಲು ಮುಂದಾಗುವುದು ಎಂಬುದನ್ನು ಅವರಿಗೆ ನೆನಪಿಸಿ.

ಈ ವಾರ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ಎಆರ್‌ಟಿ ಕೇಂದ್ರಕ್ಕೆ ಹೋಗುವಾಗ ಬೆಳಗಿನ ಮೊದಲ ಬಸ್ಸಿಗೇ ಹೊರಡಿ, ಗಂಟಿನಿಂದ ಮಾದರಿ ತೆಗೆಯುವುದು, ಎಕ್ಸ್‌ರೇ ಎಲ್ಲ ಒಂದೇ ದಿನಕ್ಕೆ ಮುಗಿಯಬೇಕೆಂದರೆ ಹೊತ್ತು ಬೇಕು. ಅಂದಿನ ಟಿಬಿ ಮಾತ್ರೆ, ಬೆಳಗಿನ ಡೊಲುಟೆಗ್ರಾವಿರ್ ನುಂಗಿಯೇ ಹೊರಡಲಿ. ಚೀಲದಲ್ಲಿ ಎಲ್ಲ ಡಬ್ಬಿ, ಟಿಬಿ ಮಾತ್ರೆಯ ಖಾಲಿ ಪಟ್ಟಿಗಳೂ ಸೇರಿ, ಎಆರ್‌ಟಿ ಪುಸ್ತಕ, ಟಿಬಿ ಕಾರ್ಡ್, ಮೊದಲ ಕಫ ಪರೀಕ್ಷೆಯ ವರದಿ, ನಾಟಿ ಔಷಧಿ ಏನಾದರೂ ಈಗಾಗಲೇ ಕೊಟ್ಟಿದ್ದರೆ ಅದರ ಪುಡಿ. ಇವತ್ತು ಸಂಜೆಯಿಂದಲೇ ಜ್ವರ ನೋಡಿ ಹೊತ್ತು, ಅಂಕಿ ಎರಡನ್ನೂ ಒಂದು ಚೀಟಿಯಲ್ಲಿ ಬರೆಯುತ್ತ ಬನ್ನಿ. ರಾತ್ರಿ ವಾಪಸ್ ಬಸ್ಸು ತಪ್ಪಿದರೂ ತಪ್ಪಬಹುದು, ಹಾಗಾಗಿ ಟಿಎಲ್‌ಡಿ ಡಬ್ಬಿಯನ್ನು ಮನೆಯಲ್ಲಿ ಬಿಟ್ಟು ಹೋಗಬೇಡಿ.